ಎರಡು ರಿಂಗ್ ನಿಂತ ವರ್ಷ

2003ರ ಜೂನ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಎಂಟೂವರೆಯ ಸುಮಾರಿಗೆ, ಕಮಲಾಪುರ ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿನೊಳಗೆ, ನಮ್ಮ ಪತ್ರಿಕೆಯ ಅರೆಕಾಲಿಕ ವರದಿಗಾರ ಅಂಬಾರಾಯನ ಬಲಗೈಯನ್ನು ನಾಲ್ವರು ಸೇರಿ ಕಲ್ಲು ಒಡೆಯುವ ಸುತ್ತಿಗೆಯಿಂದ ಜಜ್ಜಿದರು. ಅದಕ್ಕೆ ಮೊದಲು ಷಟರ್ ಎಳೆದುಕೊಂಡಿದ್ದರು. ಬಸ್ಸಿಗೆ ಕಾದಿದ್ದ ಜನರಿಗೆ ಸದ್ದು ಕೇಳಿಸಿತು, ಹೊಡೆದವರ ಮುಖ ಕಾಣಿಸಲಿಲ್ಲ. ಏಳು ಪೆಟ್ಟು ಎಂದು ಒಬ್ಬ ಕಂಡಕ್ಟರ್ ಪೊಲೀಸರಿಗೆ ಹೇಳಿದ. ಒಂಬತ್ತು ಎಂದು ಪಕ್ಕದ ಬಾಳೆಹಣ್ಣಿನ ಅಂಗಡಿಯಾಕೆ ಹೇಳಿದಳು.

ಆಗ ನಾನು ಕಲಬುರಗಿಯಲ್ಲಿ ಆ ಪತ್ರಿಕೆಯ ಜಿಲ್ಲಾ ಪುಟಗಳ ಮುಖ್ಯಸ್ಥನಾಗಿದ್ದೆ. ಕುಸನೂರ ರಸ್ತೆಯ ಬಾಡಿಗೆ ಮನೆಯಿಂದ ಸೈಕಲ್ ಮೇಲೆ ಕಚೇರಿಗೆ ಬರುತ್ತಿದ್ದೆ.

ಈ ವರ್ಷದ ಫೆಬ್ರುವರಿಯಲ್ಲಿ ಹುಮನಾಬಾದಿಗೆ ಹೊರಟಿದ್ದ ನನ್ನ ಬಸ್ಸು ಟೈರ್ ಬದಲಿಸಲು ಕಮಲಾಪುರದಲ್ಲಿ ನಿಂತಿತು. ಕೆಳಗಿಳಿದೆ. ನಿಲ್ದಾಣದ ಎದುರು ಕೆಂಪು ಬಾಳೆಯ ಗೊನೆಗಳು ತೂಗುತ್ತಿದ್ದವು. ಹೆಚ್ಚು ಹಣ್ಣಾದ ಬಾಳೆಯ ವಾಸನೆ, ಅದರಲ್ಲಿ ಬೆರೆತ ಡೀಸೆಲ್. ಇಪ್ಪತ್ತು ವರ್ಷಕ್ಕೂ ಹಿಂದೆ ಇದೇ ವಾಸನೆಯ ನಡುವೆ ನಿಂತು, ಬೂತಿನ ನೆಲದ ರಕ್ತದ ಮೇಲೆ ಪೊಲೀಸನೊಬ್ಬ ಮರಳು ಸುರಿಯುವುದನ್ನು ನೋಡಿದ್ದೆ. ಆ ವರ್ಷ ನಡೆದದ್ದನ್ನು ಕ್ರಮವಾಗಿ ಬರೆದಿಡಬೇಕೆಂದು ಬಸ್ಸು ಹೊರಡುವ ಮೊದಲೇ ತೀರ್ಮಾನಿಸಿದೆ.

ಅಂಬಾರಾಯ ನಮ್ಮ ಪತ್ರಿಕೆಗೆ ಬರೆಯತೊಡಗಿದ್ದು ಅದಕ್ಕೂ ಐದು ವರ್ಷ ಮೊದಲು. ಬೂತು ಅವನ ಹೊಟ್ಟೆಪಾಡು, ವರದಿಗಾರಿಕೆ ಅವನ ಹಟ. ಆಗ ಸುದ್ದಿ ಬರುತ್ತಿದ್ದುದು ಬಸ್ಸಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ವರದಿ ಬರೆದು, ಲಕೋಟೆಗೆ ಹಾಕಿ, ಕಂಡಕ್ಟರನ ಕೈಗೆ ಕೊಡುತ್ತಿದ್ದ. ಕಲಬುರಗಿ ನಿಲ್ದಾಣದಲ್ಲಿ ನಮ್ಮ ಆಳು ಇಸಿದುಕೊಳ್ಳುತ್ತಿದ್ದ. ಲಕೋಟೆ ಮೇಜಿಗೆ ಬಂದ ಮೇಲೆ ನಾನು ಬೂತಿಗೆ ಫೋನ್ ಮಾಡುತ್ತಿದ್ದೆ. ಅವನು ಎತ್ತುವಂತಿರಲಿಲ್ಲ. ಎರಡು ರಿಂಗ್ ಬಂದು ನಿಂತರೆ ಮುಟ್ಟಿದೆ, ಎಲ್ಲ ಸರಿಯಿದೆ ಎಂದು ಅರ್ಥ. ಒಂದೇ ರಿಂಗ್ ಬಂದು ನಿಂತರೆ ಮುಟ್ಟಿದೆ, ಆದರೆ ಏನೋ ಬಿಟ್ಟುಹೋಗಿದೆ, ಫೋನ್ ಮಾಡು. ರಿಂಗೇ ಬಾರದಿದ್ದರೆ ಲಕೋಟೆ ಮುಟ್ಟಿಲ್ಲ, ಇನ್ನೊಂದು ಪ್ರತಿ ಕಳಿಸು. ಎಲ್ಲ ಊರುಗಳ ವರದಿಗಾರರಿಗೂ ಇದೇ ಪದ್ಧತಿ ಇತ್ತು.

ಅವನ ಮೊದಲ ವರದಿಗೆ ಒಂದೇ ರಿಂಗ್ ಕೊಟ್ಟಿದ್ದೆ. ಹೊಲದ ಬದುವಿನ ಜಗಳದಲ್ಲಿ ಒಬ್ಬನ ತಲೆ ಒಡೆದಿದೆ ಎಂದಷ್ಟೇ ಬರೆದಿದ್ದ. ತಕ್ಷಣ ಫೋನ್ ಬಂತು.

"ಏನ್ ತಪ್ಪಾಗ್ಯಾದ್ರಿ ಸರ್?"

"ಯಾರ ತಲೆ? ಯಾರು ಒಡೆದರು?"

"ಅಯ್ಯ, ಅದು ಊರಿಗೆಲ್ಲಾ ಗೊತ್ತದರಿ."

"ಊರಿಗೆ ಗೊತ್ತದ. ಓದೋರಿಗೆ ಗೊತ್ತಿಲ್ಲ. ಯಾರು ಅನ್ನೋದು ಇಲ್ಲದಿದ್ದರ ಅದು ಸುದ್ದಿ ಅಲ್ಲ."

ಆಮೇಲಿನ ಐದು ವರ್ಷಗಳಲ್ಲಿ ಅವನಿಗೆ ಒಂದೇ ರಿಂಗ್ ಕೊಟ್ಟ ದಿನಗಳು ಕಡಿಮೆ.

2003ರ ಫೆಬ್ರುವರಿಯಲ್ಲಿ ಪತ್ರಿಕೆಯ ಮಾಲೀಕರು ನಮ್ಮದೇ ಒಂದು ತಂತ್ರಾಂಶ ಮಾಡಿಸಿದರು. ಮಾಡಿದಾಕೆ ಮಾಧುರಿ. ಕಂಪ್ಯೂಟರ್ ಓದಿ, ಖೂಬಾ ಪ್ಲಾಟ್ ಬಡಾವಣೆಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ತರಗತಿ ನಡೆಸುತ್ತಿದ್ದಳು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ವರದಿಗಾರ ತನ್ನ ಊರಿನಲ್ಲಿ ಸುದ್ದಿ ಟೈಪ್ ಮಾಡಿ ಒಂದು ಗುಂಡಿ ಒತ್ತಿದರೆ ಸಾಕು, ಟೆಲಿಫೋನ್ ಲೈನಿನ ಮೂಲಕ ಅದು ಇ-ಮೇಲ್ ಆಗಿ ಹೊರಡುತ್ತಿತ್ತು. ಹೊರಟ ಮೇಲೆ ಪರದೆಯ ಬಲಮೂಲೆಯಲ್ಲಿ ಹಸಿರು ಪಟ್ಟಿ ಬಂದು, ಅದರಲ್ಲಿ "ಕಳಿಸಲಾಗಿದೆ" ಎಂದು ಕಾಣುತ್ತಿತ್ತು. ಎಲ್ಲ ವರದಿಗಾರರ ಮೇಲ್‌ಗಳೂ ಒಂದೇ ವಿಳಾಸದಿಂದ ಹೊರಟು ಡೆಸ್ಕಿನ ಬಾಕ್ಸಿಗೆ ಬೀಳಬೇಕಿತ್ತು.

ತಂತ್ರಾಂಶ ಒಪ್ಪಿಸಿದ ದಿನ ಮಾಧುರಿ ಎಲ್ಲರ ಎದುರು ಒಂದು ಮಾತು ಹೇಳಿದಳು.

"ಹಸಿರು ಬಂತಂದ್ರ ನಡುವಿನ ಸರ್ವರ್ ತಗೊಂಡದ ಅಂತ ಅಷ್ಟೇ ರೀ. ನಿಮಗ ಮುಟ್ಟೇದ ಅಂತಲ್ಲ. ಮುಟ್ಟಲಿಲ್ಲಂದ್ರ ವಾಪಸ್ ಬರ್ತದ. ವಾಪಸ್ ಬಂದದ್ದು ಬೇರೆ ಬಾಕ್ಸಿನ್ಯಾಗ ಬೀಳ್ತದ. ಅದನ್ನ ದಿನಾ ಯಾರಾರ ಒಬ್ರು ತಗದು ನೋಡಬೇಕು."

ಮಾಲೀಕರು ನಕ್ಕರು. "ನೀನೇ ಮಾಡಿದ ಸಾಫ್ಟ್‌ವೇರ್ ಮ್ಯಾಲ ನಿನಗ ಭರವಸಾ ಇಲ್ಲೇನವಾ?"

"ಸಾಫ್ಟ್‌ವೇರ್ ಮ್ಯಾಲ ಅದ ರೀ. ನಿಮ್ಮ ಮ್ಯಾಲಿಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ವಾಪಸ್ ಬಂದ ಮೇಲ್ ಬೀಳುವ ಬಾಕ್ಸಿನ ಪಾಸ್‌ವರ್ಡನ್ನು ಆಕೆ ಚೀಟಿಯಲ್ಲಿ ಬರೆದು ಕೊಟ್ಟಳು. ಚೀಟಿ ನನ್ನ ಮೇಜಿನ ಗಾಜಿನ ಕೆಳಗೆ ಸೇರಿತು. ನಾಲ್ಕು ತಿಂಗಳು ಅದನ್ನು ಯಾರೂ ತೆಗೆಯಲಿಲ್ಲ.

ಮಾರ್ಚ್‌ನಲ್ಲಿ ಎಲ್ಲ ವರದಿಗಾರರಿಗೂ ಕಚೇರಿಯಿಂದ ಒಂದು ಸುತ್ತೋಲೆ ಹೋಯಿತು. ಸುದ್ದಿ ಹೋದದ್ದನ್ನು ಕಂಪ್ಯೂಟರೇ ತೋರಿಸುವುದರಿಂದ ಇನ್ನು ಮುಂದೆ ರಿಂಗ್ ಕೊಡುವುದಿಲ್ಲ, ಅದಕ್ಕಾಗಿ ಯಾರೂ ಕಾಯಬಾರದು, ಟೆಲಿಫೋನ್ ಲೈನನ್ನು ಮೇಲ್ ಕಳಿಸಲು ಬಿಡುವಾಗಿಡಬೇಕು ಎಂದು ಅದರಲ್ಲಿತ್ತು. ಅಂಬಾರಾಯ ಅಂದೇ ಫೋನ್ ಮಾಡಿದ.

"ಸರ್, ಇನ್ನ ರಿಂಗ್ ಬರಂಗಿಲ್ಲೇನ್ರಿ?"

"ಇಲ್ಲಪ್ಪ. ಹಸಿರು ನೋಡ್ಕೋ."

"ಹಸರ ನೋಡಿದ್ರ ಹಸರು ಕಾಣ್ತದ್ರಿ. ರಿಂಗ್ ಕೇಳಿದ್ರ ಆ ಕಡೆ ನೀವು ಅದೀರಿ ಅಂತ ಗೊತ್ತಾಗ್ತಿತ್ತು."

ನನಗೆ ಪುಟ ಮುಗಿಸುವ ಆತುರವಿತ್ತು. ಫೋನ್ ಇಟ್ಟೆ.

ಆ ಬೇಸಿಗೆ ಜಿಲ್ಲಾ ಪುಟಗಳಲ್ಲಿ ರಕ್ತವೇ ಹೆಚ್ಚು. ಏಪ್ರಿಲಿನಲ್ಲಿ ಬಾವಿಯ ನೀರಿನ ಪಾಳಿಗಾಗಿ ಅಣ್ಣನೇ ತಮ್ಮನನ್ನು ಕೊಡಲಿಯಿಂದ ಕಡಿದ ಸುದ್ದಿ ಬಂತು. ಮೇ ತಿಂಗಳಲ್ಲಿ ಮದುವೆಯ ಮೆರವಣಿಗೆಯಲ್ಲಿ ಹಾಡಿನ ವಿಷಯಕ್ಕೆ ಜಗಳವಾಗಿ, ಬ್ಯಾಂಡಿನವನೊಬ್ಬನ ಹೊಟ್ಟೆಗೆ ಚಾಕು ಬಿತ್ತು. ಅವನು ತುತ್ತೂರಿಯನ್ನು ಬಿಡದೆ ಹಿಡಿದುಕೊಂಡೇ ಆಸ್ಪತ್ರೆಗೆ ಬಂದಿದ್ದ. ಬಿಸಿಲು ಏರಿದಂತೆ ಸುದ್ದಿ ಚಿಕ್ಕದಾಗುತ್ತ ಹೋಯಿತು. ಮೊದಲು ಎರಡು ಕಾಲಂ ಹಾಕುತ್ತಿದ್ದ ಕೊಲೆಗೆ ಮೇ ಕೊನೆಯ ಹೊತ್ತಿಗೆ ನಾಲ್ಕು ಸಾಲು ಸಾಕಾಗುತ್ತಿತ್ತು. ನಾವು ಓದುತ್ತಿದ್ದೆವು, ತಿದ್ದುತ್ತಿದ್ದೆವು, ಊಟಕ್ಕೆ ಹೋಗುತ್ತಿದ್ದೆವು.

ಜೂನ್ ಮೊದಲ ವಾರ ಕಮಲಾಪುರದ ಹೊರಗಿನ ಒಂದು ಖಡಿ ಮಷೀನಿನಲ್ಲಿ, ಅಂದರೆ ಕಲ್ಲು ಸಿಡಿಸಿ ಜಲ್ಲಿ ಮಾಡುವ ಕಡೆ, ಶಾಂತಾಬಾಯಿ ಎಂಬ ಕೂಲಿ ಹೆಂಗಸು ಸತ್ತಳು. ಸಿಡಿಮದ್ದು ಹಾರಿಸುವ ಮೊದಲು ಊದಬೇಕಾದ ಸೀಟಿಯನ್ನು ಊದಿರಲಿಲ್ಲ. ಮುಷ್ಟಿ ಗಾತ್ರದ ಕಲ್ಲು ಕಿವಿಯ ಮೇಲೆ ಹೊಕ್ಕಿತು. ಬುಟ್ಟಿ ಹೊತ್ತವಳು ಬುಟ್ಟಿಯ ಸಮೇತ ನಿಂತಲ್ಲಿಯೇ ಕುಸಿದಳು. ಮಾಲೀಕನ ಜೀಪು ಶವವನ್ನು ತಾಂಡಾಕ್ಕೆ ಒಯ್ದಿತು. ಸಂಜೆಯೊಳಗೆ ದಹನವಾಯಿತು. ಸಾವಿನ ದಾಖಲೆಯಲ್ಲಿ, ಟ್ರ್ಯಾಕ್ಟರಿನಿಂದ ಬಿದ್ದು ಸಾವು ಎಂದು ಬರೆದಿತ್ತು. ಆಕೆಯ ಗಂಡ ಧನಸಿಂಗ ಒಪ್ಪದೆ ನಿಂತಾಗ ಖಡಿ ಮಷೀನಿನ ಆಳುಗಳು ಅವನನ್ನು ಚಿತೆಯ ಪಕ್ಕದಲ್ಲೇ ಕೆಡವಿ, ಬೂಟುಗಾಲಿನಿಂದ ಪಕ್ಕೆಗೆ ಒದ್ದರು.

ಅಂಬಾರಾಯ ನಾಲ್ಕು ದಿನ ತಾಂಡಾಕ್ಕೆ ಓಡಾಡಿದ. ಸೋಮವಾರ ಮಧ್ಯಾಹ್ನ ಫೋನ್ ಮಾಡಿದ.

"ಸರ್, ಈ ಸಲ ಯಾರು, ಯಾವಾಗ, ಎಲ್ಲಿ ಎಲ್ಲಾ ಅದಾವ್ರಿ. ಕಣ್ಣಾರೆ ನೋಡಿದವರು ಮೂರು ಮಂದಿ ಹೆಸರು ಕೊಟ್ಟಾರ. ಆ ಕಲ್ಲೂ ನನ್ನ ಕಡೆ ಅದ."

"ಕಳಿಸು. ಮುಖಪುಟಕ್ಕೆ ತಗೋತೀನಿ. ಇವತ್ತು ನಿನ್ನ ಹೆಸರು ಹೋಗ್ತದ."

ಪ್ರತಿ ವರದಿಯ ತಲೆಯ ಮೇಲೂ ಅವನು "ವರದಿ: ಅಂಬಾರಾಯ" ಎಂದು ಬರೆಯುತ್ತಿದ್ದ. ಪ್ರತಿ ಸಲವೂ ನಾವು ಅದನ್ನು ಹೊಡೆದುಹಾಕಿ "ನಮ್ಮ ಪ್ರತಿನಿಧಿಯಿಂದ" ಎಂದು ಹಾಕುತ್ತಿದ್ದೆವು. ಐದು ವರ್ಷದ ಈ ಆಟ ಅವನಿಗೂ ನಮಗೂ ರೂಢಿಯಾಗಿತ್ತು.

"ಖರೇನ್ರಿ ಸರ್? ನಮ್ಮ ಮಾವ ದಿನಾ ಕೇಳ್ತಾನ, ನೀ ಪೇಪರಿಗೆ ಬರೀತಿಯೋ ಪೇಪರ್ ಹಂಚತಿಯೋ ಅಂತ. ನಾಳೆ ಅವನ ಮುಂದ ಒಗೀತೀನಿ."

ಮೂರು ಗಂಟೆಗೆ ವರದಿ ಬಂತು. ಒಂದು ಅಕ್ಷರವನ್ನೂ ಬದಲಿಸಬೇಕಾಗಿರಲಿಲ್ಲ. ಹೆಸರನ್ನು ಹಾಗೆಯೇ ಬಿಟ್ಟು ಪುಟಕ್ಕೆ ಕಳಿಸಿದವನು ನಾನು.

ಆ ನಂತರ ಬೂತಿನಲ್ಲಿ ನಡೆದದ್ದನ್ನು ಅಂಬಾರಾಯ ನನಗೂ ಹೇಳಿದ್ದಾನೆ, ನ್ಯಾಯಾಲಯದಲ್ಲೂ ಹೇಳಿದ್ದಾನೆ. ಎರಡೂ ಸಲ ಹೇಳಿದ್ದರಲ್ಲಿ ವ್ಯತ್ಯಾಸವಿಲ್ಲ.

ನಾಲ್ಕರ ಹೊತ್ತಿಗೆ ಖಡಿ ಮಷೀನಿನ ಇಬ್ಬರು ಬಂದು ಬೂತಿನ ಬೆಂಚಿನ ಮೇಲೆ ಕುಳಿತರು. ಫೋನ್ ಮಾಡಲು ಬಂದವರಲ್ಲ. ಅಂಬಾರಾಯ ಗೋಡೆಗೆ ಬೆನ್ನು ಹಾಕಿ ಕಂಪ್ಯೂಟರಿನ ಎದುರು ಕುಳಿತಿದ್ದ. ಪರದೆ ಅವರಿಗೆ ಕಾಣುತ್ತಿರಲಿಲ್ಲ. ಅವರ ಎದುರು ಫೋನಿನಲ್ಲಿ ಮಾತಾಡುವಂತಿರಲಿಲ್ಲ. ಟೈಪ್ ಮಾಡಬಹುದಿತ್ತು.

"ಏನ್ ಕುಟ್ಟಾಕತ್ತೀಯೋ ಪತ್ರಕರ್ತ?"

"ಪಿಂಚಣಿ ಅರ್ಜಿ ಅದಣ್ಣಾ. ಒಬ್ಬಾಕಿ ಮುದುಕಿದು."

"ಮುದುಕಿ ಎಲ್ಲದಾಳ?"

"ಚಹಾ ಕುಡ್ಯಾಕ ಹೋಗ್ಯಾಳ."

ಗುಂಡಿ ಒತ್ತಿದಾಗ ಮೋಡೆಮ್ ಎಂದಿನಂತೆ ಕಿರುಚಿತು. ಒಬ್ಬ ಎದ್ದು ನಿಂತ. "ಏನಲೇ ಅದು?"

"ಮಷೀನ್ ಹಳೇದಾಗ್ಯಾದಣ್ಣಾ. ಹಿಂಗ ಒದರ್ತದ."

ಅವನು ಅಂಬಾರಾಯನ ಕೈಬೆರಳುಗಳನ್ನೇ ನೋಡಿ ಇನ್ನೊಬ್ಬನಿಗೆ ಹೇಳಿದ: "ಇವನ ಬಟ್ಟು ಭಾರಿ ಜಲ್ದಿ ಓಡತಾವ ನೋಡಲೇ."

ಹಸಿರು ಪಟ್ಟಿ ಬಂತು. ಕಳಿಸಲಾಗಿದೆ. ಇಬ್ಬರೂ ಏಳು ಗಂಟೆಯವರೆಗೆ ಕುಳಿತು, ಅವನು ಷಟರ್ ಎಳೆದ ಮೇಲೆ ಮನೆಯ ಬಾಗಿಲವರೆಗೆ ಹಿಂದೆಯೇ ನಡೆದು ಬಂದರು. ಅವನ ಹೆಂಡತಿ ನೀಲಮ್ಮ ಕೇಳಿದಳು, ಇವರ್ಯಾರು ಎಂದು. "ಏನಿಲ್ಲ ಬಿಡು. ಹೆಸರು ತಗಸೀನಿ" ಎಂದ. ಊಟ ಮಾಡಿ ಮಲಗಿದ.

ಕಲಬುರಗಿಯಲ್ಲಿ ನಾಲ್ಕಕ್ಕೆ ಸ್ವಲ್ಪ ಮುಂಚೆ ಇನ್ನೊಂದು ಊರಿನ ವರದಿಗಾರ ಕಟ್ಟಡದ ಉದ್ಘಾಟನೆಯೊಂದರ ಆರು ಫೋಟೋಗಳನ್ನು ಕುಗ್ಗಿಸದೆ ಹಾಗೆಯೇ ಕಳಿಸಿದ್ದ. ಆಗಿನ ಬಾಕ್ಸುಗಳಿಗೆ ಅಷ್ಟು ಹೊಟ್ಟೆ ಇರಲಿಲ್ಲ. ಅವನ್ನು ಇಳಿಸಿಕೊಳ್ಳಲು ಹೋದರೆ ಲೈನು ಅರ್ಧಕ್ಕೇ ಕಡಿಯುತ್ತಿತ್ತು. ಡೆಸ್ಕಿನ ಕಂಪ್ಯೂಟರ್ ಆಪರೇಟರ್ ನನ್ನ ಬಳಿ ಬಂದ.

"ಸರ್, ಬಾಕ್ಸ್ ತುಂಬಿ ನಿಂತದ. ಹೊಸಾದು ಏನೂ ಒಳಗ ಬರಂಗಿಲ್ಲ."

"ಬರಬೇಕಾದ್ದು ಬಂದದ. ಪುಟ ಆದಮ್ಯಾಲ ನೋಡು" ಎಂದೆ.

ಆರಕ್ಕೆ ಪುಟ ಹೋಯಿತು. ಆರೂವರೆಗೆ ಅವನು ಫೋಟೋಗಳನ್ನು ಅಳಿಸಿ ಬಾಕ್ಸ್ ಖಾಲಿ ಮಾಡಿದ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಪತ್ರಿಕೆಯ ಕಟ್ಟು ಕಮಲಾಪುರ ಮುಟ್ಟಿತು. ಅಂಬಾರಾಯ ಬೂತು ತೆರೆದು ಊದಿನಕಡ್ಡಿ ಹಚ್ಚುತ್ತಿದ್ದಾಗ ನಾಲ್ವರು ಒಳಬಂದು ಷಟರ್ ಎಳೆದರು. ಅವರಲ್ಲಿ ಇಬ್ಬರು ಹಿಂದಿನ ದಿನ ಬೆಂಚಿನ ಮೇಲೆ ಕುಳಿತವರು. ಮೊದಲು ಕಂಪ್ಯೂಟರಿನ ಪರದೆಗೆ ಸುತ್ತಿಗೆ ಹಾಕಿದರು. ಆಮೇಲೆ ಪತ್ರಿಕೆಯ ಮುಖಪುಟವನ್ನು ಗಲ್ಲಾ ಮೇಜಿನ ಮೇಲೆ ಹಾಸಿದರು.

"ಓದಲೇ. ಮ್ಯಾಲ ಏನದ ಓದು."

ಅವನು ತನ್ನ ಹೆಸರನ್ನು ಓದಿದ. ಅದನ್ನು ಅಚ್ಚಿನಲ್ಲಿ ನೋಡಿದ್ದು ಅದೇ ಮೊದಲು. ಆ ಹೆಸರಿನ ಮೇಲೆ ಅವನ ಬಲಗೈಯನ್ನು ಅಂಗೈ ಕೆಳಗಾಗಿ ಇಡಿಸಿ, ಇಬ್ಬರು ಭುಜ ಹಿಡಿದರು, ಒಬ್ಬ ಮಣಿಕಟ್ಟು ಹಿಡಿದ, ಒಬ್ಬ ಹೊಡೆದ. ಮೂರನೆಯ ಪೆಟ್ಟಿನ ನಂತರ ನೋವು ಇರಲಿಲ್ಲ, ಸದ್ದು ಮಾತ್ರ ಇತ್ತು ಎಂದು ಅಂಬಾರಾಯ ಹೇಳಿದ್ದಾನೆ. ಸುದ್ದಿ ತಿಳಿದು ಓಡಿಬಂದ ನೀಲಮ್ಮ ಹೊರಗಿನಿಂದ ಕಲ್ಲು ತೆಗೆದುಕೊಂಡು ಷಟರ್ ಬಡಿದಳು. ಒಳಗಿನವನು ಒಂದು ಅಡಿ ಷಟರ್ ಎತ್ತಿ, ಬಗ್ಗಿ ನೋಡಿದ ಆಕೆಯ ಮುಖಕ್ಕೆ ಒದ್ದ. ಆಕೆಯ ಎರಡು ಹಲ್ಲು ಮೆಟ್ಟಿಲ ಮೇಲೆ ಬಿದ್ದವು. ನಾಲ್ವರೂ ಮುಖಕ್ಕೆ ಟವೆಲ್ ಸುತ್ತಿಕೊಂಡು ಹೊರಬಂದು ಜೀಪು ಹತ್ತಿದರು. ನಿಲ್ದಾಣದಲ್ಲಿ ಐವತ್ತು ಜನ ಇದ್ದಿರಬಹುದು.

ನಾನು ಹೋಗುವ ಹೊತ್ತಿಗೆ ಅವನನ್ನು ಕಲಬುರಗಿಯ ಆಸ್ಪತ್ರೆಗೆ ಸಾಗಿಸಿದ್ದರು. ಗಲ್ಲಾ ಮೇಜಿಗೆ ಅಂಟಿಕೊಂಡಿದ್ದ ಮುಖಪುಟವನ್ನು ಪೊಲೀಸರು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದರು. ಶೀರ್ಷಿಕೆ ಓದಲು ಬರುತ್ತಿತ್ತು. ಅದರ ಕೆಳಗಿನ ಸಾಲು ಬರುತ್ತಿರಲಿಲ್ಲ.

ಬುಧವಾರ ಅವನ ಕೈಯನ್ನು ಮಣಿಕಟ್ಟಿಗಿಂತ ಮೇಲೆ ಕತ್ತರಿಸಿದರು. ಅದೇ ದಿನ ತಾಂಡಾದ ಜನ ಖಡಿ ಮಷೀನಿನ ಟಿಪ್ಪರಿಗೆ ಬೆಂಕಿ ಇಟ್ಟರು. ಪೊಲೀಸರು ಲಾಠಿ ಬೀಸಿದರು. ಬೂತಿನಲ್ಲಿ ಹೊಡೆದವರು ಸಿಗುವ ಮೊದಲೇ ಶಾಂತಾಬಾಯಿಯ ಗಂಡ ಧನಸಿಂಗ ಬೆಂಕಿ ಇಟ್ಟ ಆರೋಪದ ಮೇಲೆ ಜೈಲಿಗೆ ಹೋದ. ಒದೆಸಿಕೊಂಡ ಪಕ್ಕೆಗೆ ಕಟ್ಟಿದ್ದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ.

ಗುರುವಾರ ಆಸ್ಪತ್ರೆಗೆ ಹೋದೆ. ಅಂಬಾರಾಯನಿಗೆ ಪ್ರಜ್ಞೆ ಇತ್ತು.

"ಹೆಸರು ಹಾಕಬ್ಯಾಡ್ರಿ ಅಂದಿದ್ನಲ್ರಿ ಸರ್."

"ಯಾವಾಗ?"

"ಮೇಲ್ ಕಳಿಸಿದ್ನಲ್ರಿ. ಸೋಮವಾರ ನಾಲ್ಕು ದಾಟಿತ್ತು."

"ಅಂಥಾ ಮೇಲ್ ಬಂದಿಲ್ಲ ಅಂಬಾರಾಯ."

"ಹಸರ ಬಂದದರಿ. ನಾ ಕಣ್ಣಾರೆ ನೋಡೀನಿ."

"ನಾನೂ ಬಾಕ್ಸ್ ನೋಡೀನಿ. ಬಂದಿಲ್ಲ."

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಮಾತಾಡಿದ್ದು ನೀಲಮ್ಮ. ಬಾಯಿ ಬಾತಿದ್ದರಿಂದ ಮಾತು ತೊದಲುತ್ತಿತ್ತು. "ಕೈ ಹೋಗ್ಯಾದ ಅವಂದು. ಈಗ ಮಾತೂ ಕಸಗೋಬ್ಯಾಡ್ರಿ ಸಾಹೇಬ್ರ. ನಡೀರಿ ನೀವು."

ಕಚೇರಿಯಲ್ಲಿ ಆಗಲೇ ಒಂದು ತೀರ್ಮಾನ ಹರಡಿತ್ತು: ಹುಡುಗ ಹೆಸರಿಗಾಗಿ ಆಸೆಪಟ್ಟ, ಪೆಟ್ಟು ಬಿದ್ದ ಮೇಲೆ ಕಥೆ ಕಟ್ಟುತ್ತಿದ್ದಾನೆ. ಮಾಲೀಕರು ಅದನ್ನು ಮೂರು ಜನರ ಎದುರು ಹೇಳಿದರು. ಅವನ ಕಂಪ್ಯೂಟರ್ ಪುಡಿಯಾಗಿತ್ತು. ಹಸಿರು ಪಟ್ಟಿಯನ್ನು ತೋರಿಸಲು ಅವನ ಬಳಿ ಏನೂ ಉಳಿದಿರಲಿಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಲೇಬೇಕಿತ್ತು, ನಾನು ಹೇಳಿರಲಿಲ್ಲ. ಆಗ ಮೇಜಿನ ಗಾಜಿನ ಕೆಳಗಿನ ಚೀಟಿ ಕ್ಯಾಲೆಂಡರಿನ ಅಡಿಯಿಂದ ಅರ್ಧ ಇಣುಕುತ್ತಿರುವುದು ಕಂಡಿತು.

ಅದನ್ನು ತೆಗೆದುಕೊಂಡು ಖೂಬಾ ಪ್ಲಾಟಿಗೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಮಳೆಗಾಲದ ಮೊದಲ ಮೋಡ ಕಟ್ಟಿ ಸೆಕೆ ಹೆಚ್ಚಿತ್ತು. ಮಾಧುರಿ ವಿದ್ಯಾರ್ಥಿಗಳನ್ನು ಎಬ್ಬಿಸಿ ಹೊರಗೆ ಕಳಿಸಿದಳು. ಚೀಟಿಯ ಮಡಿಕೆಯನ್ನು ನೋಡಿದಳು.

"ಒಂದು ಸಲನೂ ತಗದಿಲ್ಲಲ್ರಿ ಸರ್ ಇದನ್ನ?"

"ಇಲ್ಲ."

ಬಾಕ್ಸ್ ತೆರೆಯಿತು. ಪರದೆ ತುಂಬಿ ಕೆಳಗೆ ಇಳಿಯಿತು. ನಾಲ್ಕು ತಿಂಗಳಲ್ಲಿ ವಾಪಸ್ ಬಂದ ಮೇಲ್‌ಗಳು. ಬೇರೆ ಬೇರೆ ಊರುಗಳಿಂದ ಹೊರಟು, ವರದಿಗಾರನಿಗೆ ಹಸಿರು ತೋರಿಸಿ, ನಮಗೆ ಮುಟ್ಟದ ಸುದ್ದಿಗಳು. ಎಷ್ಟೋ ಸಲ ವರದಿಗಾರರು "ನಮ್ಮ ಸುದ್ದಿ ಯಾಕ ಹಾಕಲಿಲ್ರಿ" ಎಂದು ಬೇಸರಪಟ್ಟಿದ್ದು, ಜಾಗ ಇರಲಿಲ್ಲ ಎಂದು ನಾನು ಹೇಳಿದ್ದು ನೆನಪಾಯಿತು. ಮಾಧುರಿ ಸೋಮವಾರದ ತಾರೀಖಿಗೆ ಬಂದು ನಿಂತಳು. ಪಡೆಯುವವರ ಬಾಕ್ಸ್ ತುಂಬಿದೆ ಎಂಬ ಇಂಗ್ಲಿಷ್ ಸಾಲು, ಅದರ ಕೆಳಗೆ ಅರ್ಥವಾಗದ ರೋಮನ್ ಅಕ್ಷರಗಳ ರಾಶಿ. ಆಕೆ ಅದನ್ನು ಆಯ್ಕೆ ಮಾಡಿ ಫಾಂಟ್ ಬದಲಿಸಿದಳು. ರಾಶಿ ಕನ್ನಡವಾಯಿತು.

"ಸರ್, ನನ್ನ ಹೆಸರು ಹಾಕಬ್ಯಾಡ್ರಿ. ಖಡಿ ಮಷೀನಿನ ಇಬ್ಬರು ಇಲ್ಲೇ ಕುಂತಾರ." ಇಬ್ಬರ ಹೆಸರೂ ಇದ್ದವು. "ಸುದ್ದಿ ಹಾಕ್ರಿ, ಹೆಸರು ತಗೀರಿ. ಫೋನ್ ಮಾಡಬ್ಯಾಡ್ರಿ."

ಹೊರಟದ್ದು ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ. ವಾಪಸ್ ಬಂದದ್ದು ಇಪ್ಪತ್ತಮೂರಕ್ಕೆ.

"ಒಂದು ನಿಮಿಷದಾಗ ವಾಪಸ್ ಬಂದದ ರೀ" ಎಂದಳು ಮಾಧುರಿ. "ಪುಟ ಎಷ್ಟಕ್ಕ ಹೋಗ್ತದ ನಿಮ್ದು?"

"ಆರಕ್ಕ."

ಒಳಗಿನಿಂದ ಆಕೆಯ ತಾಯಿ, ಚಹಾ ಆರುತ್ತಿದೆ ಎಂದು ಮರಾಠಿಯಲ್ಲಿ ಕೂಗಿ ಹೇಳಿದರು. ಯಾರೂ ಏಳಲಿಲ್ಲ.

ಸಂಜೆ ಮಾಲೀಕರು ಆಕೆಯನ್ನು ಕಚೇರಿಗೆ ಕರೆಸಿದರು. ದನಿ ಏರಿಸಲಿಲ್ಲ. "ಅದನ್ನ ಅಳಿಸಿಬಿಡವಾ. ಪೇಪರಿನ ಇಜ್ಜತ್ ಪ್ರಶ್ನಾ. ಮುಟ್ಟಿಲ್ಲ ಅಂದಮ್ಯಾಲ ಇದ್ದರೇನು, ಬಿಟ್ಟರೇನು?"

"ಅಳಿಸಲಿಕ್ಕೆ ಬರ್ತದ ರೀ ನನಗ" ಎಂದಳು. "ಬರದಾತನ ಕೈ ಹೋಗೇದ. ಬರದದ್ದಾರ ಇರಲಿ."

ಅಷ್ಟು ಹೊತ್ತಿಗೆ ಆಕೆ ಮೂರು ಪ್ರತಿ ಮುದ್ರಿಸಿಯಾಗಿತ್ತು. ಒಂದನ್ನು ತಾನೇ ಪೊಲೀಸರಿಗೆ ಕೊಟ್ಟಳು. ಒಂದು ನನಗೆ. ಮೂರನೆಯದನ್ನು ಇಬ್ಬರೂ ಆಸ್ಪತ್ರೆಗೆ ಒಯ್ದೆವು. ಅಂಬಾರಾಯ ಎಡಗೈಯಲ್ಲಿ ಹಿಡಿದು ಓದಿದ. ನೀಲಮ್ಮ ಕಾಗದದ ಇನ್ನೊಂದು ತುದಿ ಹಿಡಿದಳು.

"ಹಂಗಾರ ನೀವು ಸುಳ್ಳ ಹೇಳಿಲ್ಲ."

"ಇಲ್ಲ."

"ನಾನೂ ಹೇಳಿಲ್ಲ." ಕಾಗದವನ್ನು ನೀಲಮ್ಮನ ಕೈಗೆ ಬಿಟ್ಟು ಅಂದ: "ರಿಂಗ್ ಇದ್ದಿದ್ರ, ಬರಲಿಲ್ಲಂತ ಆರು ಗಂಟಿಗೇ ಗೊತ್ತಾಗ್ತಿತ್ತು. ರಾತ್ರಿ ಮನಿ ಹಿತ್ತಲ ಗ್ವಾಡಿ ಹಾರಿ ಲಾರಿ ಹಿಡದು ಬರ್ತಿದ್ದೆ ನಿಮ್ಮ ಕಡೆ."

"ಹೌದು" ಎಂದೆ.

ಜುಲೈನಲ್ಲಿ ಮಾಧುರಿ ಯಾರೂ ಕೇಳದೆಯೇ ತಂತ್ರಾಂಶವನ್ನು ತಿದ್ದಿದಳು. ಮೇಲ್ ಹೊರಟಾಗ ಹಳದಿ. ಡೆಸ್ಕಿನಲ್ಲಿ ಒಬ್ಬರು ತೆರೆದು ಓದಿ ಗುಂಡಿ ಒತ್ತಿದ ಮೇಲಷ್ಟೇ ಹಸಿರು. ವಾಪಸ್ ಬಂದರೆ ಕೆಂಪು, ಕಾರಣದ ಸಮೇತ, ಕಳಿಸಿದವನ ಪರದೆಯ ಮೇಲೆಯೇ. ಅದರ ಜೊತೆಗೆ ರಿಂಗ್ ಕೊಡುವುದೂ ಮತ್ತೆ ಶುರುವಾಯಿತು. ಅದಕ್ಕೆ ಸುತ್ತೋಲೆ ಬೇಕಾಗಲಿಲ್ಲ.

ಮೊಕದ್ದಮೆ ಮೂರು ವರ್ಷ ನಡೆಯಿತು. ನಾನು ಸಾಕ್ಷಿ ಹೇಳಿದೆ. ಆರೋಪಿಗಳ ವಕೀಲರು ಮುದ್ರಿತ ಪ್ರತಿಯನ್ನು ಎತ್ತಿ ಹಿಡಿದು ಕೇಳಿದರು: "ಈ ಪತ್ರ ನಿಮಗ ಮುಟ್ಟಿತೇನ್ರಿ?"

"ಇಲ್ಲ."

"ಮತ್ಯಾರಿಗಾರ ಮುಟ್ಟಿತೋ?"

"ಇಲ್ಲ."

"ಯಾರಿಗೂ ಮುಟ್ಟದ ಪತ್ರ" ಎಂದು ಹೇಳಿ ಕುಳಿತರು.

ಷಟರ್ ಮುಚ್ಚಿತ್ತು, ಒಳಗೆ ಮುಖ ನೋಡಿದ್ದ ಅಂಬಾರಾಯನ ಮಾತೊಂದೇ ಸಾಲದು ಎಂದಾಯಿತು, ಹೊರಬಂದವರ ಮುಖಕ್ಕೆ ಟವೆಲ್ ಇತ್ತು, ಕಂಡಕ್ಟರನೂ ಹಣ್ಣಿನ ಅಂಗಡಿಯಾಕೆಯೂ ಪೆಟ್ಟಿನ ಲೆಕ್ಕದಲ್ಲಿ ಒಂದಾಗಲಿಲ್ಲ. ಸಂಶಯದ ಲಾಭ ಪಡೆದು ನಾಲ್ವರೂ ಬಿಡುಗಡೆಯಾದರು. ಖಡಿ ಮಷೀನಿನ ಮಾಲೀಕನ ಮೇಲೆ ಆರೋಪಪಟ್ಟಿಯೇ ಇರಲಿಲ್ಲ. ಮಷೀನು ಕೆಲವು ತಿಂಗಳು ನಿಂತು ಬೇರೆ ಹೆಸರಿನಲ್ಲಿ ಮತ್ತೆ ತಿರುಗಿತು. ಧನಸಿಂಗ ಹನ್ನೊಂದು ತಿಂಗಳು ಒಳಗಿದ್ದು ಹೊರಬಂದ. ನಮ್ಮ ಪತ್ರಿಕೆ ಆಮೇಲೆ ಮುಚ್ಚಿತು. ಮಾಧುರಿ ಕಲಬುರಗಿಯಲ್ಲೇ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಅಂಬಾರಾಯ ಎಡಗೈಯಲ್ಲಿ ಟೈಪ್ ಮಾಡುವುದನ್ನು ಕಲಿತ. ಬೂತಿದ್ದ ಜಾಗದಲ್ಲೇ ಈಗ ಝೆರಾಕ್ಸ್ ಮತ್ತು ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದಾನೆ. ಫೆಬ್ರುವರಿಯಲ್ಲಿ ಬಸ್ಸು ನಿಂತ ದಿನ ಆ ಅಂಗಡಿಗೆ ಬೀಗ ಇತ್ತು. ಫಲಕದ ಮೇಲಿನ ಫೋನ್ ನಂಬರನ್ನೂ ಇ-ಮೇಲ್ ವಿಳಾಸವನ್ನೂ ಬರೆದುಕೊಂಡೆ.

ಇಲ್ಲಿಯವರೆಗೆ ಬರೆದು, ತಪ್ಪಿದ್ದರೆ ತಿಳಿಸು, ನನ್ನ ನಂಬರು ಕೆಳಗಿದೆ ಎಂದು ಒಂದು ಸಾಲು ಸೇರಿಸಿ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಅಂಬಾರಾಯನಿಗೆ ಮೇಲ್ ಮಾಡಿದೆ. ಸಂಜೆ ಆರಕ್ಕೆ ಮೊದಲು ನನ್ನ ಫೋನ್ ಸದ್ದು ಮಾಡಿತು. ಕಮಲಾಪುರದ ನಂಬರು. ಒಂದೇ ರಿಂಗ್ ಬಂದು ನಿಂತಿತು.

ನಾನು ಫೋನ್ ಮಾಡಿದೆ.

"ಮುಟ್ಟೇದರಿ ಸರ್. ಪೂರಾ ಓದೀನಿ. ನೀಲಮ್ಮಗೂ ಓದಿ ಹೇಳೀನಿ."

"ಎಲ್ಲಿ ತಪ್ಪಾಗ್ಯಾದ?"

"ತಪ್ಪಿಲ್ರಿ. ಬಿಟ್ಟದ. ಮಾರ್ಚಿನ್ಯಾಗ ಸುತ್ತೋಲಿ ಹೋಯ್ತು ಅಂತ ಬರದೀರಿ. ಯಾರ ಸಹಿಲಿಂದ ಹೋಯ್ತು ಅಂತ ಬರದಿಲ್ಲ. ಆ ಕಾಗದ ಇನ್ನಾ ನನ್ನ ಕಡೆ ಅದ."

ನಾನು ಆ ಪುಟ ತೆಗೆದೆ.

"ನಿಮಗ ಗೊತ್ತದ, ನನಗ ಗೊತ್ತದ" ಎಂದ ಅಂಬಾರಾಯ. "ಓದೋರಿಗೆ ಗೊತ್ತಿಲ್ರಿ ಸರ್."

2003ರ ಮಾರ್ಚ್‌ನಲ್ಲಿ ರಿಂಗ್ ನಿಲ್ಲಿಸಿದ ಸುತ್ತೋಲೆಯನ್ನು ಬರೆದವನು ನಾನು. ಅದರ ಕೆಳಗಿನ ಸಹಿಯೂ ನನ್ನದು. ಹಾಗೆ ಮಾಡಲು ಮಾಲೀಕರಾಗಲಿ, ಬೇರೆ ಯಾರಾಗಲಿ ನನಗೆ ಹೇಳಿರಲಿಲ್ಲ.

ಈ ಸಾಲುಗಳನ್ನು ಸೇರಿಸಿ ಮರುದಿನ ಬೆಳಿಗ್ಗೆ ಮತ್ತೆ ಕಳಿಸಿದೆ. ಈ ಪುಟ ಅಚ್ಚಿಗೆ ಹೋಗುವವರೆಗೆ ರಿಂಗ್ ಬಂದಿಲ್ಲ.